ಕೊನೆಗೂ ತಣ್ಣಗೆ ಊದಿತು

ನಮ್ಮ ಹಳೇ ಕಾರಿನ ಎಸಿ ಇವತ್ತು ತಣ್ಣಗೆ ಊದಿತು. ಕಾರಿನ ಜೊತೆ ಬಂದ ಎಸಿ ಅಲ್ಲ, ಹಿಂದಿನ ಮಾಲೀಕರು ಯಾರೋ ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸಿದ್ದು. ತಂಪು ಮಾಡೋಕೆ ಆರ್-12 ಅನ್ನೋ ಹಳೇ ಗ್ಯಾಸ್ ಬಳಸುತ್ತಿದ್ದ ಕಾಲದ್ದು, ಆಮೇಲೆ ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಾಗಿದೆ. ಗ್ಯಾಸ್ ತುಂಬಿಸಿದರೆ ಹತ್ತೇ ದಿನಕ್ಕೆ ಖಾಲಿ. ಗ್ಯಾಸ್ ಒತ್ತಿ ಓಡಿಸುವ ಕಂಪ್ರೆಸರ್ ಹೋಗಿದೆ ಅಂದರು ಎಲ್ಲರೂ. ನನಗೆ ಯಾಕೋ ನಂಬಿಕೆ ಬರಲಿಲ್ಲ.

ಟಾರ್ಚ್ ಹಿಡಿದು ಪೈಪುಗಳನ್ನು ಒಂದೊಂದಾಗಿ ನೋಡಿದೆ. ಗ್ಯಾಸಿನ ಬಿಸಿ ಹೊರಬಿಡುವ ಕಂಡೆನ್ಸರ್ ಹತ್ತಿರದ ಜಾಯಿಂಟಿನ ಸುತ್ತ ಎಣ್ಣೆ ಜಿಡ್ಡು, ಮೇಲೆ ಧೂಳು ಮೆತ್ತಿ ಕಪ್ಪಗಾಗಿತ್ತು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಓಡಾಡುತ್ತದೆ ಅಲ್ವಾ, ಸೋರುವ ಕಡೆ ಗುರುತು ಬಿಟ್ಟೇ ಬಿಡುತ್ತದೆ. ಬಿಚ್ಚಿದರೆ ಒಳಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಒಣಗಿ ಗಟ್ಟಿಯಾಗಿತ್ತು. ಉಗುರು ತಾಗಿಸಿದ್ದಕ್ಕೇ ಬಿರಿಯಿತು.

ಎಲ್ಲ ಓ-ರಿಂಗ್‌ಗಳನ್ನೂ ಬದಲಿಸಿದೆ. ಲೈನ್ ಬಿಚ್ಚಿದ ಮೇಲೆ ಒಳಗಿನ ತೇವ ತೆಗೆಯುವ ಡ್ರೈಯರ್ ಹೊಸದೇ ಹಾಕಬೇಕು, ಹಳೆಯದು ತೇವ ಹೀರಿರುತ್ತದೆ. ಆಮೇಲೆ 45 ನಿಮಿಷ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು ತೆಗೆಯೋದು. ಪಂಪ್ ನಿಲ್ಲಿಸಿ ಅರ್ಧ ಗಂಟೆ ಗೇಜ್ ಮುಂದೆಯೇ ಕೂತಿದ್ದೆ. ಮುಳ್ಳು ಅಲುಗಲಿಲ್ಲ, ಅಂದರೆ ಎಲ್ಲೂ ಸೋರುತ್ತಿಲ್ಲ. ಆ ಖುಷಿ ಹೇಳೋಕಾಗಲ್ಲ.

ಡ್ಯಾಶ್‌ಬೋರ್ಡ್ ಕೆಳಗಿನ ಎಸಿ ಯೂನಿಟ್ ಇಳಿಸಿದಾಗ ಅದನ್ನು ಹಿಡಿದಿದ್ದ ಲೋಹದ ಪಟ್ಟಿ ಕಣ್ಣಿಗೆ ಬಿತ್ತು. ಅಂಗಡಿಯದ್ದಲ್ಲ, ಕೈಯಲ್ಲೇ ಬಗ್ಗಿಸಿದ್ದು. ವೈರ್ ಉಜ್ಜಬಾರದು ಅಂತ ಅಂಚನ್ನೆಲ್ಲ ಅರ ಹಾಕಿ ನುಣುಪು ಮಾಡಿದ್ದಾರೆ, ಯಾರಿಗೂ ಕಾಣದ ಜಾಗದಲ್ಲಿ. ಸುಮಾರು ಹೊತ್ತು ಅದನ್ನೇ ಹಿಡಿದು ಕೂತಿದ್ದೆ. ಒರೆಸಿ, ಅದನ್ನೇ ವಾಪಸ್ ಹಾಕಿದೆ.