ಕನೆಕ್ಟಿಕಟ್‌ಗೆ ಹೋಗಿ ಬನ್ನಿ, ಬಂದ ಮೇಲೆ ಒಂದು ತಿಂಗಳು ಮೈ ನೋಡಿಕೊಳ್ಳಿ

ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಿ ಬಂದ ಅಮ್ಮನಿಗೆ ಉಣುಗು ಕಚ್ಚಿ ಲೈಮ್ ಅನ್ನುವ ಕಾಯಿಲೆ ಹತ್ತಿತು. ಆ ಕಥೆಗೆ ಮುಂಚೆ ಪ್ರವಾಸದ ಮಾತು. ಜೂನ್ ತಿಂಗಳ ಶನಿವಾರಕ್ಕೆ ಕನೆಕ್ಟಿಕಟ್ ಕರಾವಳಿಯಲ್ಲಿ ರೂಮ್ ಬುಕ್ ಮಾಡುವ ಮುಂಚೆ ಎರಡು ಸಲ ಯೋಚಿಸಿ. ನಮಗೆ ಸಿಕ್ಕಿದ್ದು ಹೆದ್ದಾರಿ ಪಕ್ಕದ ಹಳೇ ಮೋಟೆಲ್. ಬಾಡಿಗೆ ಮಾತ್ರ ಮ್ಯಾನ್‌ಹಟನ್ ರೇಟು. ಅದರ ಮೇಲೆ ಈ ರಾಜ್ಯದಲ್ಲಿ ಹೋಟೆಲ್ ರೂಮಿಗೆ ಶೇ. 15 ತೆರಿಗೆ ಬೇರೆ. ಕಾರ್ಪೆಟ್ ಒದ್ದೆ ಒದ್ದೆ. ಫ್ರೀ ಬ್ರೇಕ್‌ಫಾಸ್ಟ್ ಅಂದರೆ ಪ್ಲಾಸ್ಟಿಕ್ ಸುತ್ತಿದ ಮಫಿನ್ ಮತ್ತು ಆರಿದ ಕಾಫಿ. ಅಮ್ಮ ಅದನ್ನು ಮೂಸಿ ನೋಡಿ, ತಾವು ತಂದಿದ್ದ ಅವಲಕ್ಕಿ ಡಬ್ಬ ತೆಗೆದರು.

ಊರಿಂದ ಬಂದ ಅಪ್ಪ-ಅಮ್ಮನನ್ನು ನಯಾಗರಾ, ವಾಷಿಂಗ್ಟನ್ ಅಂತ ಎಲ್ಲರೂ ಸುತ್ತಿಸುತ್ತಾರೆ. ನಮಗೆ ಜನಜಂಗುಳಿ ಆಗಿಬರುವುದಿಲ್ಲ. ಅದಕ್ಕೇ ನ್ಯೂಜೆರ್ಸಿಯಿಂದ ಕನೆಕ್ಟಿಕಟ್ ನದಿ ಸಮುದ್ರ ಸೇರುವ ಕಡೆ ಹೊರಟಿದ್ದು. ಶುಕ್ರವಾರ ಸಂಜೆ ಐ-95 ಹೆದ್ದಾರಿ ಹಿಡಿಯಬೇಡಿ. ಸ್ಟ್ಯಾಮ್‌ಫರ್ಡ್‌ನಿಂದ ಬ್ರಿಡ್ಜ್‌ಪೋರ್ಟ್ ದಾಟುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಹ್ಯಾಮನಾಸೆಟ್ ಬೀಚ್ ಪಾರ್ಕ್‌ನಲ್ಲಿ ಕನೆಕ್ಟಿಕಟ್ ನಂಬರ್ ಪ್ಲೇಟ್ ಇದ್ದರೆ ಪಾರ್ಕಿಂಗ್ ಬಿಟ್ಟಿ, ಹೊರಗಿನ ಗಾಡಿಗೆ ದುಡ್ಡು. ವೀಕೆಂಡ್‌ನಲ್ಲಿ ಸುಮ್ನೆ ಹೋಗಬೇಡಿ, ಸಂತೆ.

ಆದರೆ ಚೆಸ್ಟರ್-ಹ್ಯಾಡ್‌ಲೈಮ್ ದೋಣಿಯನ್ನು ಮಾತ್ರ ತಪ್ಪಿಸಬೇಡಿ. 1769ರಿಂದ ಅಲ್ಲಿ ನದಿ ದಾಟಿಸುತ್ತಿದ್ದಾರೆ. ಒಂಬತ್ತು ಕಾರು ಹತ್ತಬಹುದಾದ ಪುಟ್ಟ ಫೆರಿ, ಐದೇ ನಿಮಿಷದ ದಾರಿ. ಅಪ್ಪನಿಗೆ ಸಿಗಂದೂರು ಲಾಂಚ್ ನೆನಪಾಯಿತು, ಇಳಿಯುವ ಮನಸ್ಸೇ ಇರಲಿಲ್ಲ. ಆ ದಡದಲ್ಲಿ ಗುಡ್ಡದ ಮೇಲೆ ಷರ್ಲಾಕ್ ಹೋಮ್ಸ್ ಪಾತ್ರ ಮಾಡುತ್ತಿದ್ದ ವಿಲಿಯಂ ಜಿಲೆಟ್ ಅನ್ನುವ ನಟ ಕಟ್ಟಿಸಿದ ಕಲ್ಲಿನ ಕೋಟೆ ಇದೆ. ಹೊರಗಿನಿಂದ ನೋಡಿದರೂ ಸಾಕು.

ಈಗ ಡೆವಿಲ್ಸ್ ಹಾಪ್‌ಯಾರ್ಡ್ ವಿಷಯಕ್ಕೆ ಬರುತ್ತೇನೆ. ಈಸ್ಟ್ ಹ್ಯಾಡಮ್ ಹತ್ತಿರದ ಸ್ಟೇಟ್ ಪಾರ್ಕ್. ಚ್ಯಾಪ್‌ಮನ್ ಫಾಲ್ಸ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಪಾತ, ಬಂಡೆಯಲ್ಲಿ ನೀರು ಕೊರೆದ ಗುಂಡನೆಯ ಗುಳಿಗಳು, ತಂಪು ಕಾಡು. ಮಲೆನಾಡಿನವರಿಗೆ ಖಂಡಿತ ಇಷ್ಟವಾಗುತ್ತದೆ. ಈ ಕಡೆಯ ಕಾಡುಗಳಲ್ಲಿ ಹಳೇ ಕಲ್ಲಿನ ಪಾಗಾರಗಳು ಜಾಸ್ತಿ. ಹಿಂದೆ ಗದ್ದೆ, ಹುಲ್ಲುಗಾವಲು ಇದ್ದ ಜಾಗ ಈಗ ಕಾಡಾಗಿದೆ, ಪಾಗಾರ ಹಾಗೇ ಉಳಿದಿದೆ. ಅಮ್ಮ ದಾರಿ ಬಿಟ್ಟು ತರಗೆಲೆ ತುಳಿದುಕೊಂಡು ಹೋಗಿ, ಅಂಥದೊಂದು ಪಾಗಾರದ ಮೇಲೆ ಕೂತು ಅರ್ಧ ಗಂಟೆ ಆರಾಮಾಗಿ ಚಕ್ಕುಲಿ ತಿಂದರು. ಫೋಟೋ ಚೆನ್ನಾಗಿ ಬಂದಿದೆ.

ಬಿಳಿಗಾಲಿನ ಕಾಡಿಲಿಗಳು ಇರುವುದು ಅಂಥ ಪಾಗಾರದ ಸಂದಿಯಲ್ಲೇ. ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಮುಖ್ಯವಾಗಿ ಆ ಇಲಿಯ ಮೈಯಲ್ಲಿ ಇರುತ್ತದೆ. ಇಲಿಯಿಂದ ಉಣುಗಿಗೆ, ಉಣುಗಿನಿಂದ ನಮಗೆ. ಎಲ್ಲರೂ ಜಿಂಕೆಯನ್ನು ಬೈಯುತ್ತಾರೆ. ಜಿಂಕೆ ದೊಡ್ಡ ಉಣುಗುಗಳನ್ನು ಸಾಕುತ್ತದೆ ನಿಜ, ಆದರೆ ಅವಕ್ಕೆ ಸೋಂಕು ಹತ್ತಿಸುವುದು ಇಲಿ. ಮೇ ತಿಂಗಳಿಂದ ಜುಲೈವರೆಗೆ ಓಡಾಡುವ ಮರಿ ಉಣುಗು ಗಸಗಸೆ ಕಾಳಿನಷ್ಟು. ಕಚ್ಚಿದರೆ ನೋವಿಲ್ಲ. ನಮ್ಮಲ್ಲಿ ಯಾರಿಗೂ ಅದು ಕಣ್ಣಿಗೇ ಬೀಳಲಿಲ್ಲ. ಲೈಮ್ ಬಂದವರಲ್ಲಿ ತುಂಬಾ ಜನ ಉಣುಗನ್ನು ನೋಡಿಯೇ ಇರುವುದಿಲ್ಲವಂತೆ.

ವಾಪಸ್ ಬರುವಾಗ ನ್ಯೂಯಾರ್ಕಿನ ಫ್ಲಶಿಂಗ್‌ಗೆ ತಿರುಗಿಸಿ, ಗಣೇಶ ದೇವಸ್ಥಾನದ ಕೆಳಗಿನ ಕ್ಯಾಂಟೀನ್‌ಗೆ ಹೋದೆವು. ಸುತ್ತುದಾರಿ, ಸೇತುವೆ ಟೋಲ್ ಬೇರೆ, ಆದರೂ ಹೋಗಿ. ನೆಲಮಾಳಿಗೆ, ಟ್ಯೂಬ್‌ಲೈಟು, ಉದ್ದ ಮೇಜು, ಪೇಪರ್ ತಟ್ಟೆ. ಅಲಂಕಾರ ಏನೂ ಇಲ್ಲ. ದೋಸೆ ಹೆಂಚಿನಿಂದ ಸೀದಾ ಬರುತ್ತದೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಸಾಂಬಾರು ತಮಿಳರ ರುಚಿ, ನಮ್ಮ ಹುಳಿಯ ಹಾಗೆ ಸಿಹಿ ಇಲ್ಲ, ಆದರೆ ಬಿಸಿ ಬಿಸಿ. ಎರಡು ದಿನ ಬ್ರೆಡ್ಡು-ಬಾಳೆಹಣ್ಣಿನಲ್ಲಿ ಕಳೆದ ಅಪ್ಪ ಮಾತೇ ಆಡದೆ ಎರಡು ದೋಸೆ ಮುಗಿಸಿ, ಮೂರನೆಯದು ಅರ್ಧ ಹಂಚಿಕೊಳ್ಳೋಣವಾ ಅಂತ ಕೇಳಿದರು. ಕಾಫಿಯೂ ಬಾಯಿಗೆ ಹಿಡಿಸಿತು. ಮೋಟೆಲ್ ರೂಮಿನ ತೆರಿಗೆ ದುಡ್ಡಿನಲ್ಲಿ ನಾವೆಲ್ಲ ಹೊಟ್ಟೆ ತುಂಬ ತಿಂದೆವು. ಭಾನುವಾರ ಮಧ್ಯಾಹ್ನ ಕ್ಯೂ ಇರುತ್ತದೆ. ಜನಜಂಗುಳಿ ಆಗದ ನಾನೇ ನಿಂತೆ ಅಂದ ಮೇಲೆ ನೀವೂ ನಿಲ್ಲಬಹುದು.

ಮನೆಗೆ ಬಂದು ಒಂದು ವಾರದ ಮೇಲೆ ಅಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವಾಗ, ಮಂಡಿಯ ಹಿಂದೆ ಒಂದು ಕಲೆ ಕಂಡಿತು. ನೇರಳೆ ಕಲೆಸಿದ ಕಂದು ಬಣ್ಣ, ಎಲ್ಲೋ ಬಡಿಸಿಕೊಂಡಂತೆ. ತುರಿಕೆ ಇಲ್ಲ, ನೋವಿಲ್ಲ. ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಿಸಿ. ನನ್ನ ಹೆಂಡತಿ ಬಾಲ್‌ಪೆನ್ ತೆಗೆದುಕೊಂಡು ಕಲೆಯ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲೇ ತಾರೀಕು ಬರೆದಳು. ಮಾರನೆಯ ದಿನ ಕಲೆ ಗೆರೆಯಿಂದ ಒಂದು ಬೆರಳಷ್ಟು ಆಚೆ ಹೋಗಿತ್ತು. ಮತ್ತೊಂದು ಗೆರೆ ಎಳೆದಳು. ಆಮೇಲೆ ನಮಗೆ ಯಾವ ಪರೀಕ್ಷೆಗಿಂತಲೂ ಉಪಯೋಗಕ್ಕೆ ಬಂದಿದ್ದು ಆ ಪೆನ್ನಿನ ಗೆರೆಗಳೇ.

ಅಮ್ಮ ಸಾಗರದ ಕಡೆಯವರು. ಉಣುಗು ಅಂದರೆ ಅವರಿಗೆ ಮಂಗನ ಕಾಯಿಲೆ. 2019ರಲ್ಲಿ ಅರಳಗೋಡು ಸುತ್ತಮುತ್ತ ಜನ ಸತ್ತಿದ್ದು, ಉಣುಗು ಹತ್ತದಂತೆ ಮೈಗೆ ಹಚ್ಚಲು ಮನೆ ಮನೆಗೆ ಡಿಎಂಪಿ ಎಣ್ಣೆ ಹಂಚಿದ್ದು ಎಲ್ಲ ನೆನಪಿದೆ. 'ಜ್ವರ ಇಲ್ವಲ್ಲ, ಮೈಕೈ ನೋವೂ ಇಲ್ಲ, ಇದು ಉಣುಗಿನದಲ್ಲ ಬಿಡು' ಅಂದರು. ಮಂಗನ ಕಾಯಿಲೆಗೆ ಆ ಲೆಕ್ಕ ಸರಿ. ಅದು ವೈರಸ್, ಕೆಲವೇ ದಿನದಲ್ಲಿ ಜೋರು ಜ್ವರ, ತಲೆನೋವು, ಮೈನೋವು ಬಂದು ಮಲಗಿಸಿಬಿಡುತ್ತದೆ. ಲೈಮ್ ಬ್ಯಾಕ್ಟೀರಿಯಾದ ಕಾಯಿಲೆ, ಮೆಲ್ಲಗೆ ಬರುತ್ತದೆ. ಕಚ್ಚಿ ಮೂರರಿಂದ ಮೂವತ್ತು ದಿನದೊಳಗೆ, ಸಾಮಾನ್ಯವಾಗಿ ಒಂದು ವಾರಕ್ಕೆ ಕಲೆ ಶುರುವಾಗಿ, ದಿನ ದಿನ ಹಿಗ್ಗುತ್ತದೆ. ಜ್ವರ, ಸುಸ್ತು ಇರಲೂಬಹುದು, ಇಲ್ಲದೆಯೂ ಇರಬಹುದು.

ಇಲ್ಲಿಂದ ನಮ್ಮ ಗೋಳು. ಶನಿವಾರವಾದ್ದರಿಂದ ಮನೆ ಹತ್ತಿರದ ಒಂದು ಅರ್ಜೆಂಟ್ ಕೇರ್‌ಗೆ, ಅಂದರೆ ಅಪಾಯಿಂಟ್‌ಮೆಂಟ್ ಇಲ್ಲದೆ ತೋರಿಸುವ ಕ್ಲಿನಿಕ್ಕಿಗೆ ಹೋದೆವು. ಅಲ್ಲಿದ್ದವರು ಅರ್ಧ ನಿಮಿಷ ನೋಡಿ 'ರಿಂಗ್‌ವರ್ಮ್' ಅಂದರು. ಹುಳುಕಡ್ಡಿಯಂತೆ! ಹುಳುಕಡ್ಡಿ ಹೇಗಿರುತ್ತದೆ ಅಂತ ಅಮ್ಮನಿಗೆ ಹೇಳಿಕೊಡಬೇಕಾ? ಅದು ತುರಿಸುತ್ತದೆ, ಅಂಚು ಹೊಟ್ಟು ಹೊಟ್ಟಾಗಿರುತ್ತದೆ. ಇದು ನುಣ್ಣಗಿತ್ತು. ಕನೆಕ್ಟಿಕಟ್ ಕಾಡಿಗೆ ಹೋಗಿದ್ದೆವು ಅಂತ ನಾವೇ ಹೇಳಿದೆವು. 'ಲೈಮ್ ಆಗಿದ್ದರೆ ಗುರಿಹಲಗೆ ಥರ ಉಂಗುರ ಇರಬೇಕಲ್ಲ' ಅಂದರು. ಒತ್ತಾಯಕ್ಕೆ ರಕ್ತ ತೆಗೆದರು. ಎರಡು ದಿನ ಬಿಟ್ಟು ಫೋನು: ನೆಗೆಟಿವ್, ಲೈಮ್ ಇಲ್ಲ, ಮುಲಾಮು ಮುಂದುವರಿಸಿ. ಬಿಲ್ಲು ಮುನ್ನೂರು ಡಾಲರ್ ದಾಟಿತ್ತು.

ಈ ಎರಡು ಮಾತಿಗೂ ನೀವು ಮೋಸ ಹೋಗಬೇಡಿ. ಮೊದಲನೆಯದು ಉಂಗುರ. ಎಲ್ಲ ಕಡೆ ಹಾಕುವ ಫೋಟೋ ಬಿಳಿ ಚರ್ಮದ ಮೇಲಿನ ಕೆಂಪು ಉಂಗುರದ್ದು. ತುಂಬಾ ಜನಕ್ಕೆ ಉಂಗುರ ಬರುವುದೇ ಇಲ್ಲ, ಕಲೆ ಪೂರ್ತಿ ಒಂದೇ ಬಣ್ಣ ಇರುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಕಾಣುವುದೇ ಕಷ್ಟ, ಹೊಡೆತದ ಕಲೆಯಂತೆ ಕಾಣಬಹುದು. ಬಣ್ಣ, ಆಕಾರ ಬಿಟ್ಟುಬಿಡಿ. ಹಿಗ್ಗುತ್ತಿದೆಯಾ, ಐದು ಸೆಂಟಿಮೀಟರ್ ದಾಟಿದೆಯಾ ನೋಡಿ. ಕಚ್ಚಿದ ದಿನವೋ ಮಾರನೆಯ ದಿನವೋ ಕಾಣಿಸಿಕೊಂಡು, ಸಣ್ಣದಾಗೇ ಉಳಿದು ಮಾಯವಾಗುವ ಕೆಂಪು ಬರೀ ಕಡಿತದ ಅಲರ್ಜಿ. ಅದಕ್ಕೆ ಹೆದರಬೇಡಿ.

ಎರಡನೆಯದು ರಕ್ತಪರೀಕ್ಷೆ. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತದೆ. ಅದು ತಯಾರಾಗಲು ವಾರಗಟ್ಟಲೆ ಬೇಕು. ಕಲೆ ಬಂದ ಹೊಸದರಲ್ಲಿ ನೆಗೆಟಿವ್ ಬಂದರೆ ಅದಕ್ಕೆ ಏನೂ ಅರ್ಥವಿಲ್ಲ. ಲೈಮ್ ಇರುವ ಸೀಮೆಗೆ ಹೋಗಿ ಬಂದವರಿಗೆ ಇಂಥ ಕಲೆ ಕಂಡರೆ, ಕಲೆ ನೋಡಿಯೇ ಔಷಧಿ ಶುರು ಮಾಡಬೇಕು, ರಕ್ತ ಬೇಕಾಗಿಲ್ಲ. ಇದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಮಾತೇ.

ನಮ್ಮ ಅದೃಷ್ಟಕ್ಕೆ ಸೋಮವಾರ ಪರಿಚಯದವರ ಫ್ಯಾಮಿಲಿ ಡಾಕ್ಟರ್ ಸಮಯ ಕೊಟ್ಟರು. ವಯಸ್ಸಾದ ಹೆಂಗಸು. ಅಮ್ಮನ ಮಂಡಿ ತಿರುಗಿಸಿ, ಒಂದರ ಹೊರಗೊಂದು ಪೆನ್ನಿನ ಗೆರೆ ನೋಡಿ, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರು. ಪಾರ್ಕಿನ ಹೆಸರು ಹೇಳಿದ್ದೇ ತಡ, ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಬರೆದರು. 100 ಮಿಲಿಗ್ರಾಂ, ದಿನಕ್ಕೆ ಎರಡು, ಹತ್ತು ದಿನ. ಔಷಧಿ ಅಗ್ಗ. ತುಂಬಿದ ಲೋಟ ನೀರಿನ ಜೊತೆ ನುಂಗಿ ತಕ್ಷಣ ಮಲಗಬಾರದು. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆ ದೂರ ಇಡಬೇಕು, ಮೊಸರನ್ನ ಬಿಟ್ಟಿರದವರಿಗೆ ಇದೇ ದೊಡ್ಡ ಶಿಕ್ಷೆ. ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಡಾಕ್ಸಿಸೈಕ್ಲಿನ್ ಆಗದವರಿಗೆ ಅಮಾಕ್ಸಿಸಿಲಿನ್ ಇದೆ. ಔಷಧಿ ಶುರುವಾದ ಮೇಲೆ ಕಲೆ ಹಿಗ್ಗುವುದು ನಿಂತು, ಆಮೇಲೆ ಮಾಸಿತು.

ಕಲೆಯೇ ಬಾರದವರೂ ಇದ್ದಾರೆ, ಹತ್ತರಲ್ಲಿ ಇಬ್ಬರು ಮೂವರು. ಅಂಥವರಿಗೆ ರಕ್ತಪರೀಕ್ಷೆ ಬೇಕೇ ಬೇಕು, ಕಚ್ಚಿ ನಾಲ್ಕರಿಂದ ಆರು ವಾರ ಕಳೆದ ಮೇಲೆ. ಎರಡು ಹಂತ ಇರುತ್ತದೆ: ಮೊದಲು ಒಂದು ಪರೀಕ್ಷೆ, ಅದು ಪಾಸಿಟಿವ್ ಬಂದರೆ ಮಾತ್ರ ಖಚಿತಪಡಿಸಲು ಇನ್ನೊಂದು. ಎರಡೂ ಪಾಸಿಟಿವ್ ಇದ್ದರೆ ಮಾತ್ರ ಲೆಕ್ಕ. ರಿಪೋರ್ಟಿನಲ್ಲಿ ಐಜಿಎಂ (ಮೊದಲು ಬರುವ ಆಂಟಿಬಾಡಿ), ಐಜಿಜಿ (ಆಮೇಲೆ ಬಂದು ಉಳಿಯುವ ಆಂಟಿಬಾಡಿ) ಅಂತ ಎರಡು ಸಾಲು ಇರುತ್ತವೆ. ತೊಂದರೆ ಶುರುವಾಗಿ ತಿಂಗಳು ದಾಟಿದ ಮೇಲೂ ಐಜಿಎಂ ಒಂದೇ ಪಾಸಿಟಿವ್ ಇದ್ದರೆ ಅದನ್ನು ನಂಬುವ ಹಾಗಿಲ್ಲ. ವಾಸಿಯಾದ ಮೇಲೂ ಐಜಿಜಿ ವರ್ಷಗಟ್ಟಲೆ ಪಾಸಿಟಿವ್ ಬರಬಹುದು. ಹಾಗಾಗಿ 'ವಾಸಿ ಆಯ್ತಾ ನೋಡೋಣ' ಅಂತ ಮತ್ತೆ ರಕ್ತ ಕೊಡುವುದು ದುಡ್ಡು ದಂಡ. ಮೂತ್ರದಲ್ಲಿ ಲೈಮ್ ಪತ್ತೆ ಮಾಡುತ್ತೇವೆ ಅನ್ನುವವರ ಸಹವಾಸವೇ ಬೇಡ.

ಉಣುಗು ಮೈಮೇಲೆ ಕಂಡೇ ಬಿಟ್ಟರೆ? ಊರಲ್ಲಿ ಸೀಮೆಎಣ್ಣೆ ಸುರಿಯುವುದು, ಸುಣ್ಣ ಹಚ್ಚುವುದು, ಬೆಂಕಿಕಡ್ಡಿ ಸೋಕಿಸುವುದು ಎಲ್ಲ ಮಾಡುತ್ತೇವೆ ಅಲ್ವಾ, ಅದ್ಯಾವುದೂ ಬೇಡ. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಿರಿ. ಕಚ್ಚಿ 24 ಗಂಟೆಯೊಳಗೆ ತೆಗೆದರೆ ಲೈಮ್ ಬರುವುದು ತೀರಾ ಅಪರೂಪ. ರಕ್ತ ಕುಡಿದು ಉಬ್ಬಿದ್ದರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ತೆಗೆದು 72 ಗಂಟೆಯೊಳಗಾದರೆ ಮುನ್ನೆಚ್ಚರಿಕೆಗೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಒಂದೇ ಡೋಸ್ ಕೊಡಬಹುದು. ಉಣುಗನ್ನೇ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವುದರಿಂದ ಲಾಭವಿಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ಇದ್ದರೂ ನಿಮಗೆ ಹತ್ತಿದೆ ಅಂತಲ್ಲ.

ಹೋಗುವವರು ಬಟ್ಟೆ, ಶೂಗೆ ಉಣುಗು ಕೊಲ್ಲುವ ಪರ್ಮೆಥ್ರಿನ್ ಸ್ಪ್ರೇ ಮಾಡಿ ಒಣಗಿಸಿಕೊಂಡು ಹೋಗಿ, ಚರ್ಮಕ್ಕೆ ಉಣುಗನ್ನು ದೂರ ಇಡುವ ಡೀಟ್ ಹಚ್ಚಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಬಂದ ತಕ್ಷಣ ಬಟ್ಟೆಯನ್ನು ಒಗೆಯುವ ಮುಂಚೆಯೇ ಡ್ರೈಯರ್‌ಗೆ ಹಾಕಿ ಜೋರು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ, ಸ್ನಾನ ಮಾಡಿ. ಕಂಕುಳು, ಮಂಡಿ ಹಿಂದೆ, ಸೊಂಟ, ಕಿವಿ ಹಿಂದೆ, ತಲೆಕೂದಲು ನೋಡಿ. ಅಪ್ಪ-ಅಮ್ಮನಿಗೆ ಕನ್ನಡಕ ಇಲ್ಲದೆ ಗಸಗಸೆ ಕಾಣುತ್ತಾ? ನೀವೇ ನೋಡಬೇಕು. ಅವರಿಗೆ ಮುಜುಗರ ಆಗುತ್ತದೆ, ಆದರೂ ಬಿಡಬೇಡಿ.

ಇದು ಹೊಸ ಕಾಯಿಲೆಯೇನಲ್ಲ. 1970ರ ದಶಕದಲ್ಲಿ ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನ ಸುತ್ತ ಮಕ್ಕಳಿಗೆ ಮಂಡಿ ಊದುತ್ತಿದ್ದಾಗ, ಪಾಲಿ ಮರ್ರೆ ಅನ್ನುವ ತಾಯಿ ಬಿಡದೆ ಡಾಕ್ಟರುಗಳ ಬೆನ್ನುಬಿದ್ದರು. ಯೇಲ್ ವಿಶ್ವವಿದ್ಯಾಲಯದ ಡಾಕ್ಟರ್ ಆಲನ್ ಸ್ಟೀರ್ ತನಿಖೆಗೆ ಇಳಿದಿದ್ದು ಆಮೇಲೆ. ಬ್ಯಾಕ್ಟೀರಿಯಾವನ್ನು ವಿಲ್ಲಿ ಬರ್ಗ್‌ಡೋರ್ಫರ್ ಅನ್ನುವ ವಿಜ್ಞಾನಿ ಪತ್ತೆ ಮಾಡಿದ್ದು 1980ರ ದಶಕದ ಶುರುವಿನಲ್ಲಿ. ಆ ತಾಯಿಗೂ ಮೊದಮೊದಲು ಡಾಕ್ಟರುಗಳು ಕಿವಿಗೊಟ್ಟಿರಲಿಲ್ಲ.

ವಿಸಿಟರ್ ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಅಗ್ಗದ ಪ್ಲಾನುಗಳು ಪ್ರತಿ ಭೇಟಿಗೆ ಇಂತಿಷ್ಟೇ ಅಂತ ಮಿತಿ ಹಾಕಿರುತ್ತವೆ. ನಮ್ಮದು ಅದೇ. ಅರ್ಜೆಂಟ್ ಕೇರ್ ಬಿಲ್ಲಿನಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಮುಂದಿನ ಸಲ ಕಾಂಪ್ರೆಹೆನ್ಸಿವ್ ಪ್ಲಾನೇ ತೆಗೆದುಕೊಳ್ಳುತ್ತೇನೆ.

ಅಪ್ಪ-ಅಮ್ಮ ಊರಿಗೆ ಹೊರಡುವ ದಿನ ಹತ್ತಿರ ಇದ್ದರೆ ಇನ್ನೂ ಹುಷಾರಾಗಿರಿ. ಕಲೆ ಇಲ್ಲಿ ಕಾಣದೆ, ಸಾಗರಕ್ಕೋ ಬೆಂಗಳೂರಿಗೋ ಹೋದ ಮೇಲೆ ಕಾಣಬಹುದು. ಚಿಕಿತ್ಸೆ ಆಗದಿದ್ದರೆ ವಾರಗಳೋ ತಿಂಗಳುಗಳೋ ಆದ ಮೇಲೆ ಮುಖದ ಒಂದು ಪಕ್ಕ ಸೊಟ್ಟಗಾಗುವುದು, ಎದೆಬಡಿತ ತಪ್ಪಿ ತಲೆಸುತ್ತು ಬರುವುದು, ಒಂದು ಮಂಡಿ ದಪ್ಪಗೆ ಊದುವುದು ಆಗಬಹುದು. ಅಲ್ಲಿನ ಡಾಕ್ಟರು ಲೈಮ್ ಅಂತ ಯೋಚಿಸುವುದೇ ಇಲ್ಲ, ಅವರ ತಪ್ಪೂ ಅಲ್ಲ. ಅಮ್ಮನ ಫೈಲಿನಲ್ಲಿ ಪೆನ್ನಿನ ಗೆರೆಯ ಫೋಟೋಗಳು, ಔಷಧಿ ಚೀಟಿ, ಯಾವ ಪಾರ್ಕು, ಯಾವ ತಾರೀಕು ಅಂತ ಬರೆದ ಒಂದು ಹಾಳೆ ಇಟ್ಟು ಕಳಿಸಿದೆವು. ಅಪ್ಪನಿಗೆ ಏನೂ ಆಗಿರಲಿಲ್ಲ, ಆದರೂ ಅವರ ಫೈಲಿಗೂ ಅದೇ ಹಾಳೆಯ ಜೆರಾಕ್ಸ್ ಹಾಕಿದೆವು.