ಗೀರಿಗೆ ಒಪ್ಪ ಹಾಕುವ ಮುನ್ನ

ಕನ್ನಡಿಯಂತೆ ಹೊಳೆಯುವ ಬೆಳ್ಳಿ ಉಂಗುರ ದಿನವೂ ಹಾಕಿದರೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಮೈಯದು ಅಷ್ಟರಲ್ಲಿ ಉಬ್ಬಿದ ಕಡೆಯಲ್ಲೆಲ್ಲ ಮಿನುಗತೊಡಗಿರುತ್ತದೆ. ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಹದಕ್ಕೆ ಬಂದು ನಿಲ್ಲುತ್ತವೆ. ಯಾವುದು ಯಾವುದನ್ನು ಗೀರುತ್ತದೆಂದು ಹೇಳುವ, 1ರಿಂದ 10ರ ಮೋಸ್ ಅಳತೆಯಲ್ಲಿ ಬೆಳ್ಳಿಯ ಗಡಸುತನ 2.5ರಿಂದ 3; ಧೂಳಿನಲ್ಲಿರುವ ಕ್ವಾರ್ಟ್ಜ್ ಕಣದ್ದು 7. ಮೇಜು ಒರೆಸಿದರೂ ಗೀರು ಬೀಳುತ್ತದೆ. ಸುತ್ತಿಗೆಯ ಪೆಟ್ಟಿನ ಗುರುತಿರುವ ಮೈಯಲ್ಲಿ ಇದು ಅಷ್ಟಾಗಿ ಕಾಣದು, ಹಾಗಾಗಿ ದಿನಬಳಕೆಗೆ ಅದೇ ವಾಸಿ.

ಗೀರು ಕಂಡ ಕೂಡಲೇ ತಿರುಗುತ್ತ ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಒಡ್ಡಬೇಡಿ. ಗೀರು ಮಾಯವಾಗಬೇಕಾದರೆ ಅದರ ಆಳದಷ್ಟು ಲೋಹವನ್ನು ಸುತ್ತಲೂ ಸವೆಸಬೇಕು. ಸಣ್ಣ ಗೀರಾದರೆ ನಯವಾದ ಉಕ್ಕಿನ ಕಡ್ಡಿಯಾದ ಬರ್ನಿಷರ್‌ನಿಂದ ಒತ್ತಿ ಉಜ್ಜಿ. ಲೋಹ ಸರಿದು ಮುಚ್ಚಿಕೊಳ್ಳುತ್ತದೆ, ನಷ್ಟವಿಲ್ಲ. ಆಳದ್ದಕ್ಕೆ 400, 600, 1200ರ ಎಮರಿ ಪೇಪರ್ (ಉಜ್ಜುಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ). ಪ್ರತಿ ಸಲ ಹಿಂದಿನ ಗೆರೆಗಳಿಗೆ ಅಡ್ಡಲಾಗಿ ಉಜ್ಜಿ, ಅವು ಪೂರ್ತಿ ಹೋದಮೇಲೆ ಮುಂದಿನ ಕಾಗದ ಹಿಡಿಯಿರಿ. ಅವಸರಪಟ್ಟರೆ 400ರ ಗೆರೆಗಳು ಹೊಳಪು ಬಂದಮೇಲೆಯೇ ಎದ್ದು ಕಾಣುತ್ತವೆ!

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಡವೆ ಅದಕ್ಕೆ ತಾಗುವಂತಿಟ್ಟು, ಅಡುಗೆ ಸೋಡಾ ಕದಡಿದ ಬಿಸಿನೀರು ಸುರಿದರೆ ನಿಮಿಷಗಳಲ್ಲಿ ಕಪ್ಪು ಇಳಿಯುತ್ತದೆ. ಆದರೆ ಕಲಾವಿದರು ಬೇಕೆಂದೇ ಕಪ್ಪಾಗಿಸಿದ ಕೆತ್ತನೆಯ ಸಂದುಗಳೂ ಬೆಳ್ಳಗಾಗಿ ಕೆಲಸವೇ ಸಪ್ಪೆಯಾಗುತ್ತದೆ. ಅಂಥದ್ದಕ್ಕೆ ಉಬ್ಬು ಭಾಗವನ್ನಷ್ಟೇ ಬಟ್ಟೆಯಿಂದ ಒರೆಸಿ. ಮುತ್ತು, ಅಂಟಿಸಿದ ಹರಳು ಇದ್ದರೂ ಈ ಸ್ನಾನ ಬೇಡ.

ತಾಮ್ರದ ಕಡಗ ಕೈಯನ್ನು ಹಸಿರಾಗಿಸಿದರೆ ಅದು ಬೆವರು ತಾಮ್ರದೊಡನೆ ಕೂಡಿ ಆದ ಲವಣ, ಸೋಪಿಗೆ ಹೋಗುತ್ತದೆ. ಹಿತ್ತಾಳೆಯಲ್ಲಿ ಗುಲಾಬಿ ಮಚ್ಚೆ ಬಂದರೆ ಮೇಲ್ಮೈಯ ಸತು ಹೋಗಿ ತಾಮ್ರ ಉಳಿದಿದೆ ಎಂದರ್ಥ. ಚಿನ್ನದ ಲೇಪ ಮೊದಲು ಅಂಚಿನಲ್ಲೇ ಹೋಗುತ್ತದೆ, ಉಜ್ಜಿದಷ್ಟೂ ಬೇಗ.

ಇವೆಲ್ಲ ಮೈಮೇಲಿನ ಗುರುತು. ನಿಜಕ್ಕೂ ನೋಡಬೇಕಾದ್ದು ಸವೆತ. ಉಂಗುರದ ಅಂಗೈ ಕಡೆಯ ಭಾಗ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಒಪ್ಪ ಬೇಡ, ಹೊಸ ತುಂಡು ಬೆಸೆಸಿ. ಹರಳು ಹಿಡಿದ ಉಗುರುಗಳ ಮೇಲೆ ಹತ್ತಿ ಎಳೆಯಿರಿ. ಎಳೆ ಸಿಕ್ಕಿದರೆ ಉಗುರು ಎದ್ದಿದೆ. ಸರದಲ್ಲಿ ಕೊಂಡಿಗೆ ಕೊಂಡಿ ತಾಗುವ ಜಾಗ ಸವೆಯುತ್ತದೆ, ಸರ ಉದ್ದವಾದಂತೆ ಕಾಣುವುದು ಅದಕ್ಕೇ.

ತೆರೆದ ಕಡಗವನ್ನು ಹಿಗ್ಗಿಸಿ ಹಾಕುವುದು ಕೆಟ್ಟ ಅಭ್ಯಾಸ. ಬಾಗಿಸಿದಂತೆಲ್ಲ ಲೋಹ ಬಿರುಸಾಗಿ, ಒಂದು ದಿನ ನಡುಬೆನ್ನಿನಲ್ಲಿ ಬಿರುಕು ಬಿಡುತ್ತದೆ. ಮಣಿಕಟ್ಟಿನ ಕಿರಿದಾದ ಪಕ್ಕದಿಂದ ಒಂದು ತುದಿ ತೂರಿಸಿ, ಹೊರಳಿಸಿ ಕೂರಿಸಿ.