ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಮುಖ್ಯ

ಯಾರಾದರೂ ಗಾಬರಿಗೊಂಡರೆ ಪಕ್ಕದಲ್ಲಿರುವವರು ‘ಜೋರಾಗಿ ಉಸಿರು ಎಳೆದುಕೊಳ್ಳಿ’ ಎನ್ನುತ್ತಾರೆ. ಈ ಸಲಹೆ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಎದೆ ಡವಡವ ಹೊಡೆದುಕೊಳ್ಳುವಾಗ ನಾವು ಎಷ್ಟೋ ಬಾರಿ ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತಲೇ ಇರುತ್ತೇವೆ. ಅದರ ಮೇಲೆ ಮತ್ತೆ ಮತ್ತೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ, ಮಿದುಳಿನ ರಕ್ತನಾಳಗಳು ಕಿರಿದಾಗಿ, ತಲೆ ಸುತ್ತುವುದು, ಬೆರಳ ತುದಿ ಹಾಗೂ ತುಟಿಯ ಸುತ್ತ ಜುಮ್ಮೆನ್ನುವುದು ಶುರುವಾಗುತ್ತದೆ. ಇದೇನಾಯಿತೆಂದು ಗಾಬರಿ ಇಮ್ಮಡಿಸುತ್ತದೆ.

ಸಮಾಧಾನ ತರುವ ಕೆಲಸ ಬಹುಮಟ್ಟಿಗೆ ನಡೆಯುವುದು ಉಸಿರು ಹೊರಹೋಗುವಾಗ. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ, ಉಸಿರು ಒಳಬರುವಾಗ ಬಡಿತಗಳು ಒಂದಕ್ಕೊಂದು ಹತ್ತಿರವಾಗುವುದೂ ಹೊರಹೋಗುವಾಗ ದೂರವಾಗುವುದೂ ಅನೇಕರಿಗೆ ಬೆರಳಿನಲ್ಲಿಯೇ ತಿಳಿಯುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುವುದರಿಂದ ಗೊತ್ತಾಗದಿದ್ದರೂ ಆತಂಕಪಡಬೇಕಿಲ್ಲ. ಮಿದುಳಿನ ಬುಡದಿಂದ ಹೊರಟು ಹೃದಯವನ್ನು ತಲುಪುವ ವೇಗಸ್ ನರದ ಹಿಡಿತ ಉಸಿರು ಬಿಡುವಾಗ ಬಿಗಿಯಾಗುವುದೇ ಇದಕ್ಕೆ ಮುಖ್ಯ ಕಾರಣ. ಆ ನರ ಹೃದಯದ ವೇಗವನ್ನು ತಗ್ಗಿಸುವುದು ಒಂದು ರಾಸಾಯನಿಕದ ಮೂಲಕ ಎಂಬುದನ್ನು ಔಷಧವಿಜ್ಞಾನಿ ಆಟೊ ಲೂವಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು: ಒಂದು ಹೃದಯದ ನರವನ್ನು ಪ್ರಚೋದಿಸಿ, ಅದನ್ನು ತೊಯ್ಸಿದ್ದ ದ್ರವವನ್ನು ಇನ್ನೊಂದಕ್ಕೆ ಹಾಯಿಸಿದಾಗ, ಯಾರೂ ಮುಟ್ಟದ ಆ ಎರಡನೆಯದೂ ನಿಧಾನವಾಯಿತು. ಈ ಪ್ರಯೋಗದ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ನಾನು ಅನುಸರಿಸುವ ಕ್ರಮದಲ್ಲಿ ವಿಶೇಷವೇನೂ ಇಲ್ಲ. ಮೊದಲು ಇರುವ ಉಸಿರನ್ನೆಲ್ಲ ಬಿಟ್ಟು, ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಗಾಳಿ ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ತುಟಿಗಳ ನಡುವಿನಿಂದ ಸಣ್ಣಗೆ ಬಿಡುತ್ತೇನೆ. ಗಾಳಿ ಎಳೆದುಕೊಳ್ಳುವಾಗ ಅಂಗೈ ಏಳಬೇಕು, ಹೆಗಲು ಏಳಬಾರದು. ಹೆಗಲು ಕಿವಿಯತ್ತ ಸರಿಯುತ್ತಿದ್ದರೆ, ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುಪದರವಾದ ವಪೆ ಸರಿಯಾಗಿ ಕೆಳಗಿಳಿಯುತ್ತಿಲ್ಲ, ಎದೆಯ ಮೇಲ್ಭಾಗವೇ ದುಡಿಯುತ್ತಿದೆ ಎಂದು ತಿಳಿಯಬಹುದು. ಎಣಿಕೆ ಒಂದೊಂದು ಸೆಕೆಂಡಿನದಾದರೆ ನಿಮಿಷಕ್ಕೆ 6 ಉಸಿರಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ಸಾಮಾನ್ಯವಾಗಿ 12ರಿಂದ 20. ನಡುವೆ ಉಸಿರು ಕಟ್ಟಿ ಹಿಡಿಯುವ ವಿಧಾನಗಳೂ ಇವೆ, ಆದರೆ ಮೊದಲೇ ಉಸಿರುಗಟ್ಟಿದಂತೆ ಅನ್ನಿಸುತ್ತಿರುವವರಿಗೆ ಅದನ್ನು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಸಭೆಯಲ್ಲಿ ಕುಳಿತಿರುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಲು ಸಂಕೋಚವಾದರೆ, ಉತ್ತರಿಸುವ ಮುನ್ನ ಒಂದು ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟರೂ ದನಿಯ ನಡುಕ ಎಷ್ಟೋ ತಗ್ಗುತ್ತದೆ. ಎದುರಿಗಿದ್ದವರಿಗೆ ಅದು ಯೋಚಿಸುತ್ತಿರುವ ಹಾಗೆ ಕಾಣುತ್ತದೆ, ಅದೂ ಒಳ್ಳೆಯದೇ. ಆದರೆ ಇದನ್ನು ಮನಸ್ಸು ನಿರಾಳವಾಗಿರುವಾಗಲೇ ರೂಢಿಸಿಕೊಂಡಿರಬೇಕು, ಏಕೆಂದರೆ ಕೈಕಾಲು ತಣ್ಣಗಾದ ಹೊತ್ತಿನಲ್ಲಿ ಎಣಿಕೆಯೂ ನೆನಪಿಗೆ ಬರುವುದಿಲ್ಲ. ಮಾಡುವಾಗ ತಲೆ ಹಗುರಾದಂತೆನಿಸಿದರೆ ಅಲ್ಲಿಗೇ ನಿಲ್ಲಿಸಿ ಎಂದಿನಂತೆ ಉಸಿರಾಡಬೇಕು. ಎದೆನೋವೋ ಏದುಸಿರೋ ಕಾಣಿಸಿಕೊಂಡರೆ ಎಣಿಸುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು.